ಹನ್ನೊಂದನೇ ಅಧ್ಯಾಯದಲ್ಲಿ ಗಾಡಿ ನಿಂತುಬಿಟ್ಟಿದೆ, ನಿಮಗೂ ಹೀಗಾಗಿತ್ತಾ?

ನಾಲೆದಂಡೆ:
ಮಂಡ್ಯದ ಹತ್ತಿರ ಒಂದು ಹಳ್ಳಿ ನಮ್ಮದು. ಮೂರು ವರ್ಷದಿಂದ ಕಾದಂಬರಿ ಬರೆಯುತ್ತಿದ್ದೇನೆ. ಒಂದು ಆಲೆಮನೆ, ಅದಕ್ಕಾಗಿ ಕಿತ್ತಾಡುವ ಅಣ್ಣ ತಮ್ಮ, ಅಷ್ಟೇ ಕಥೆ. ಹತ್ತು ಅಧ್ಯಾಯ ಹೇಗೋ ಸಾಗಿತು. ಹನ್ನೊಂದರಲ್ಲಿ ಅಪ್ಪ ಸಾಯುತ್ತಾನೆ, ಪಾಲು ಆಗಬೇಕು. ಅಲ್ಲಿಗೆ ಬಂದು ನಿಂತವನು ಎಂಟು ತಿಂಗಳಾದರೂ ಅಲ್ಲೇ ಇದ್ದೇನೆ. ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆಯುತ್ತೇನೆ, ಮೊದಲ ಅಧ್ಯಾಯಕ್ಕೆ ಹೋಗಿ ಅಲ್ಲೊಂದು ಪದ ಇಲ್ಲೊಂದು ಪದ ಬದಲಾಯಿಸಿ, ಮುಚ್ಚಿಟ್ಟು ಮಲಗುತ್ತೇನೆ. ಮೊದಲ ಪ್ಯಾರಾ ಎಷ್ಟು ಸಲ ತಿದ್ದಿದ್ದೇನೆ ಅಂದರೆ ಈಗ ನನಗೇ ಓದಲು ಬೇಜಾರು.

ಮನೆಯಲ್ಲಿ ಬೈಯುವುದಿಲ್ಲ. "ಇನ್ನೂ ಮುಗಿದಿಲ್ವಾ" ಅಂತ ಮೊದಮೊದಲು ಕೇಳುತ್ತಿದ್ದರು, ಈಗ ಅದನ್ನೂ ಬಿಟ್ಟಿದ್ದಾರೆ. ಸ್ನೇಹಿತರಿಗೆ ಕಳಿಸಿದರೆ ಹತ್ತೇ ನಿಮಿಷದಲ್ಲಿ "ಸೂಪರ್ ಮಗಾ" ಅಂತ ಬರುತ್ತದೆ. ನೂರಮೂವತ್ತು ಪುಟಕ್ಕೆ ಹತ್ತು ನಿಮಿಷ! ಬರೆಯುವವರು ಯಾರೂ ನನಗೆ ಪರಿಚಯವಿಲ್ಲ. ನೀವೆಲ್ಲ ಇದನ್ನು ಹೇಗೆ ದಾಟಿದಿರಿ? ಬಿಟ್ಟುಬಿಡು ಅನ್ನುವುದಿದ್ದರೆ ಅದನ್ನೂ ಹೇಳಿ.

ಕೆರೆಏರಿ:
ನನ್ನ ಮೊದಲ ಪುಸ್ತಕಕ್ಕೆ ಆರು ವರ್ಷ ಹಿಡಿಯಿತು ಸರ್. ಅದರಲ್ಲಿ ನಾಲ್ಕು ವರ್ಷ ಒಬ್ಬಳೇ ಒದ್ದಾಡಿದ್ದು. ಆಮೇಲೆ ಮೈಸೂರಿನಲ್ಲಿ ನಾವು ನಾಲ್ಕು ಜನ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ತಿರ ಸೇರಲು ಶುರು ಮಾಡಿದೆವು. ಸ್ವಲ್ಪ ದೂರ ನಡೆಯುವುದು, ಎಲ್ಲಾದರೂ ಕೂತು ತಲಾ ನಾಲ್ಕು ಪುಟ ಜೋರಾಗಿ ಓದುವುದು. "ಚೆನ್ನಾಗಿದೆ" ಅನ್ನುವಂತಿಲ್ಲ, ಅಂದವರು ಎಲ್ಲರಿಗೂ ಕಾಫಿ ಕೊಡಿಸಬೇಕು. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಗಮನ ಬೇರೆ ಕಡೆ ಹೋಯಿತು, ಮುಂದೇನಾಯಿತು, ಇಷ್ಟೇ ಮಾತು.

ನಮ್ಮಲ್ಲೊಬ್ಬರು ನಿವೃತ್ತ ಮೇಷ್ಟ್ರು. ನಾನು ಓದುವಾಗ ಒಂದು ಸಲ ತೂಕಡಿಸಿಯೇ ಬಿಟ್ಟರು. ಎರಡು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಮೂರನೇ ವಾರ ಅವರೇ ಫೋನ್ ಮಾಡಿ, ಕ್ಷಮಿಸಮ್ಮಾ ಗಿಮಿಸಮ್ಮಾ ಏನೂ ಇಲ್ಲ, "ಆ ಸೊಸೆ ತವರಿಗೆ ಹೋದಳಾ ಇಲ್ಲವಾ, ಅದೊಂದು ಹೇಳಿ" ಅಂದರು. ಅವತ್ತು ರಾತ್ರಿ ಒಂದು ಗಂಟೆವರೆಗೆ ಬರೆದೆ. ಅವರು ತೂಕಡಿಸಿದ ನಾಲ್ಕು ಪುಟವನ್ನು ಮೊದಲೇ ಕಿತ್ತು ಹಾಕಿದ್ದೆ, ಅದು ಬೇರೆ ಮಾತು.

ಯಾದವಗಿರಿಬಾಡಿಗೆ:
ನಮ್ಮ ಏರಿಯಾದಲ್ಲಿ ಆರ್.ಕೆ. ನಾರಾಯಣ್ ಇದ್ದ ಮನೆ ಈಗ ಮ್ಯೂಸಿಯಂ ಆಗಿದೆ. ಅವರ ಮೊದಲ ಕಾದಂಬರಿಯನ್ನು ಇಂಗ್ಲೆಂಡಿನ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ವಾಪಸ್ ಕಳಿಸಿದರು. ಬೇಸತ್ತು, ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯನಿಗೆ ಅದನ್ನು ಥೇಮ್ಸ್ ನದಿಗೆ ಎಸೆದುಬಿಡು ಅಂತ ಬರೆದರು. ಗೆಳೆಯ ಎಸೆಯಲಿಲ್ಲ. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಗ್ರೀನ್ ಓದಿ, ಮೆಚ್ಚಿ, ಪ್ರಕಾಶಕರನ್ನು ಹಿಡಿದುಕೊಟ್ಟರು, 1935ರಲ್ಲಿ ಪುಸ್ತಕ ಬಂತು. ಎಲ್ಲರೂ ಗ್ರೀನ್ ಹೆಸರು ಹೇಳುತ್ತಾರೆ, ನನಗೇನೋ ಹೇಳಿದ ಮಾತು ಕೇಳದ ಆ ಗೆಳೆಯನೇ ಜಾಸ್ತಿ ಇಷ್ಟ.

ಆದರೆ ಗುರು, ನಾರಾಯಣ್ ಪೂರ್ತಿ ಬರೆದು ಮುಗಿಸಿದ್ದರು. ನದಿಗೆ ಎಸೆಯುವುದಕ್ಕಾದರೂ ಪುಸ್ತಕ ಮುಗಿದಿರಬೇಕಲ್ವಾ? ಮೊದಲ ಅಧ್ಯಾಯದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪಿನಿಂದ ಅಳಿಸಿ, ಹೆಂಡತಿ ಕೈಗೋ ಅಮ್ಮನ ಕೈಗೋ ಕೊಟ್ಟುಬಿಡಿ. ಕೇಳಿದರೂ ಕೊಡಬೇಡಿ ಅಂತ ಹೇಳಿ.

ಒತ್ತಕ್ಷರ:
ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆಯುತ್ತಿದ್ದರೆ ಈಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ನಾನು ಕೊನೆಗೆ ಮಾಡಲು ಹೋಗಿ ಇನ್ನೂರು ಪುಟದ ಒತ್ತಕ್ಷರಗಳನ್ನು ಕೂತು ಸರಿ ಮಾಡಿದೆ. ಸುಮ್ನೆ ಹೇಳಿದೆ.

ಪಾಂಡವಪುರದವ:
ನಮ್ಮ ಮನೆಯಲ್ಲೂ ಆಲೆಮನೆ ಇತ್ತು, ಅದಕ್ಕೇ ಕೇಳುತ್ತಿದ್ದೇನೆ. ಜಮೀನಾದರೆ ಬದು ಹಾಕಿ ಎರಡು ಮಾಡಬಹುದು. ಆಲೆಮನೆಯನ್ನು ಹೇಗೆ ಪಾಲು ಮಾಡುತ್ತೀರಿ? ಗಾಣ ಒಂದೇ, ಕೊಪ್ಪರಿಗೆ ಒಂದೇ. ನಮ್ಮಪ್ಪ ಚಿಕ್ಕಪ್ಪ ವಾರಕ್ಕೊಬ್ಬರು ಅಂತ ಸರದಿ ಹಾಕಿಕೊಂಡಿದ್ದರು. ಕಡಿದ ಕಬ್ಬನ್ನು ಹಾಗೇ ಬಿಟ್ಟರೆ ಒಣಗಿ ತೂಕವೂ ಹೋಗುತ್ತದೆ, ಸಿಹಿಯೂ ಹೋಗುತ್ತದೆ, ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ. ಹಾಗಾಗಿ ಒಂದು ದಿನ ಸರದಿ ತಪ್ಪಿದರೂ ರಾದ್ಧಾಂತ. ಇನ್ನೊಂದು ವಿಷಯ. ಪಾಕದ ಹನಿಯನ್ನು ನೀರಿಗೆ ಬಿಟ್ಟು ಹದ ನೋಡುತ್ತಾನಲ್ಲ, ಅವನಿಲ್ಲದಿದ್ದರೆ ಕೊಪ್ಪರಿಗೆ ಇದ್ದೂ ದಂಡ. ನಿಮ್ಮ ಕಥೆಯಲ್ಲಿ ಅವನು ಅಣ್ಣನ ಕಡೆ ಹೋದನಾ, ತಮ್ಮನ ಕಡೆನಾ?

ನಾಲೆದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಪಾಂಡವಪುರದ ಅಣ್ಣ, ಹದ ನೋಡುವವನನ್ನು ನಾನು ಮರೆತೇಬಿಟ್ಟಿದ್ದೆ. ಮೂರನೇ ಅಧ್ಯಾಯದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ, ಹೆಸರು ಕೂಡ ಇಟ್ಟಿರಲಿಲ್ಲ. ನಿನ್ನೆ ರಾತ್ರಿ ಹೆಸರಿಟ್ಟು ಒಂದೂವರೆ ಪುಟ ಬರೆದೆ. ತಮ್ಮನ ಕಡೆ ಹೋದ. ಯಾಕೆ ಹೋದ ಅಂತ ನನಗೂ ಗೊತ್ತಾಗಿಲ್ಲ, ಇವತ್ತು ನೋಡಬೇಕು.

ಕೆರೆಏರಿ ಮೇಡಂ, ಭಾನುವಾರ ನಾನೂ ಬರಬಹುದಾ? ಬೆಳಗಿನ ರೈಲು ಹಿಡಿಯುತ್ತೇನೆ.

ಕೆರೆಏರಿ:
ಬನ್ನಿ ಸರ್, ಏಳು ಗಂಟೆಗೆ. ಮೇಷ್ಟ್ರಿಗೆ ಹೇಳಿದ್ದೇನೆ, ಆಗಲೇ "ಯಾಕೆ ತಮ್ಮನ ಕಡೆ" ಅಂತ ಕೇಳುತ್ತಿದ್ದಾರೆ. ನಾಲ್ಕು ಪುಟ ತನ್ನಿ. ಮೊದಲ ಅಧ್ಯಾಯ ಮಾತ್ರ ತರಬೇಡಿ.