ಸಹಾಯ ಬೇಕು: ಕೆಸರುಗದ್ದೆ ಓಟದಲ್ಲಿ ಫೋಕಸ್ ಓಟಗಾರರ ಮೇಲೆ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೊಡಗಿನ ವಿರಾಜಪೇಟೆ, ಪೊನ್ನಂಪೇಟೆ ಕಡೆ ಕೆಸರುಗದ್ದೆ ಓಟದ ಫೋಟೋ ತೆಗೆಯುವವರು ಇದ್ದರೆ ದಯವಿಟ್ಟು ಹೇಳಿ. ನನ್ನ ಕ್ಯಾಮೆರಾ ಸೆಟ್ಟಿಂಗ್: ಲೆನ್ಸ್ 70-200 ಎಂಎಂ, ಎಫ್ 2.8, ಶಟರ್ ವೇಗ 1/1600 ಸೆಕೆಂಡ್, ಐಎಸ್‌ಒ (ಬೆಳಕಿನ ಸಂವೇದನೆ) ಆಟೋ, ಗರಿಷ್ಠ 6400. ಶಟರ್ 1/500ಕ್ಕೆ ಇಳಿಸಿದರೆ ಕಾಲು, ಚಿಮ್ಮುವ ಕೆಸರು ಎರಡೂ ಕಲಸಿಹೋಗುತ್ತವೆ.

ಓಟಗಾರರು ಹತ್ತಿರ ಬರುತ್ತಿದ್ದಂತೆ ಕೆಸರು ಎದೆಮಟ್ಟಕ್ಕೆ ಹಾರುತ್ತದೆ. ಫೋಕಸ್ ಆ ಹನಿಗಳನ್ನೇ ಹಿಡಿದುಬಿಡುತ್ತದೆ, ಹಿಂದಿರುವ ಮುಖ ಮಸುಕು. ಟ್ರ್ಯಾಕಿಂಗ್ ಸೆನ್ಸಿಟಿವಿಟಿ (ಅಡ್ಡ ಬಂದದ್ದಕ್ಕೆ ಫೋಕಸ್ ಎಷ್ಟು ಬೇಗ ಬದಲಾಗಬೇಕು ಎನ್ನುವ ಸೆಟ್ಟಿಂಗ್) ಕಡಿಮೆ ಮಾಡಿದರೆ ಹನಿಗಳನ್ನು ಬಿಡುತ್ತದೆ ನಿಜ, ಆದರೆ ಮುಂದಿನವನು ಜಾರಿ ಬಿದ್ದಾಗ ಹಿಂದಿನವನಿಗೆ ಬದಲಾಗಲು ತಡ. ಬಿದ್ದು ಎದ್ದು ಓಡುವುದೇ ಈ ಆಟದ ಜೀವ, ಅದು ತಪ್ಪಬಾರದು. ಕೆಸರು ಮೆತ್ತಿದ ಮುಖವನ್ನು ಫೇಸ್ ಡಿಟೆಕ್ಷನ್ ಗುರುತಿಸುವುದೇ ಇಲ್ಲ. ಒಂದೇ ಫೋಕಸ್ ಪಾಯಿಂಟನ್ನು ಎದೆಯ ಮೇಲೆ ಇಡುವುದೋ, ಸಣ್ಣ ಝೋನ್ (ಕೆಲವು ಪಾಯಿಂಟುಗಳ ಗುಂಪು) ಬಳಸುವುದೋ? ಬದುವಿನ ಮೇಲೆ ಮಂಡಿಯೂರಿ ಕೂರುವ ಬದಲು ಸ್ವಲ್ಪ ಎತ್ತರದಿಂದ ತೆಗೆದರೆ ಹನಿಗಳ ಕಾಟ ತಪ್ಪುತ್ತದೆಯೇ?

ಮಳೆಗೆ ಕವರ್, ಹುಡ್, ಒಣ ಬಟ್ಟೆ ಇವೆ, ಅದರ ಚಿಂತೆ ಇಲ್ಲ.

ಇನ್ನೊಂದು ವಿಷಯ: ಎದೆಯ ನಂಬರ್ ಮುಚ್ಚಿಹೋಗಿ ಮಕ್ಕಳಿಗೆ ಅವರವರ ಫೋಟೋ ತಲುಪಿಸುವುದು ಕಷ್ಟ. ಪ್ರತಿ ಹೀಟ್‌ಗೆ (ಒಂದೊಂದು ಗುಂಪಿನ ಓಟಕ್ಕೆ) ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಂಬರ್ ಕಾಣುವಂತೆ ಒಂದು ಫೋಟೋ ತೆಗೆದಿಡುತ್ತೇವೆ. ಇದಕ್ಕಿಂತ ಸುಲಭದ ದಾರಿ ಗೊತ್ತಿದ್ದರೆ ತಿಳಿಸಿ.