‘ಆಟ ತೆಗೆಯಿರಿ’ ಅಂದರೆ ಯಾವ ಆಟ?

ಒಂದು ಪದದ ಬಗ್ಗೆ ಕೇಳಬೇಕಾಗಿದೆ. ಸಣ್ಣ ಪದ, ಎಲ್ಲರಿಗೂ ಗೊತ್ತಿರುವುದೇ: ಆಟ. ಮಕ್ಕಳ ಆಟ ಅಲ್ಲ, ರಾತ್ರಿಯೆಲ್ಲ ಕೂತು ನೋಡುವ ಯಕ್ಷಗಾನದ ಆಟವೂ ಅಲ್ಲ. ಗ್ಯಾರೇಜಿನ ಆಟ, ಅಂದರೆ ಗಾಡಿಯ ಯಾವುದೋ ಭಾಗ ಬಿಗಿಯಾಗಿ ಕೂರದೆ ಅಲುಗುವುದಕ್ಕೆ ಅಲ್ಲಿ ಹೇಳುವ ಆಟ. ಈ ಒಂದು ಪದವನ್ನು ಸುಮ್ನೆ ಬಾಯಿಗೆ ಬಂದ ಹಾಗೆ ಬಳಸಿ, ಆಗುಂಬೆ ಘಾಟಿಯ ಬುಡದಲ್ಲಿ ಜೀಪು ನಿಲ್ಲಿಸಿಕೊಂಡು ಕೂತವನು ನಾನು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಅಪ್ಪನ ಕಾಲದ ಜೀಪು ಇನ್ನೂ ಓಡುತ್ತಿದೆ. ತೊಂದರೆ ಬಂದದ್ದು ಅದರ ಪೆಡಲ್‌ಗೆ. ಮಾರುತಿ 800 ತರಹದ ಕಾರುಗಳಲ್ಲಿ ಪೆಡಲ್ ಮೇಲಿಂದ ತೂಗುತ್ತದೆ, ಅದರ ಕೀಲು ಡ್ಯಾಶ್‌ಬೋರ್ಡಿನ ಕೆಳಗೆ ಒಣ ಜಾಗದಲ್ಲಿ ಇರುತ್ತದೆ. ನಮ್ಮ ಜೀಪಿನದು ಹಾಗಲ್ಲ. ಪೆಡಲ್‌ಗಳು ನೆಲ ತೂರಿಕೊಂಡು ಮೇಲೆ ಬಂದಿವೆ. ಕ್ಲಚ್, ಬ್ರೇಕ್ ಎರಡೂ ಒಂದೇ ಶಾಫ್ಟಿನ ಮೇಲೆ ಕೂತಿವೆ, ಆ ಶಾಫ್ಟು ಕೆಳಗೆ ಚಾಸಿಯ ಹತ್ತಿರ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆಗುಂಬೆಯ ನೆರೆಹೊರೆಯಲ್ಲಿ, ತೋಟದ ಕೆಸರು ದಾರಿಯಲ್ಲಿ, ಅದರ ಗತಿ ಏನಾಗಿರಬೇಡ! ಗ್ರೀಸ್ ಹೋಗುವ ತೂತಿಗೆ ಕೆಸರು ಮೆತ್ತಿ ಗಟ್ಟಿಯಾಗಿತ್ತು. ಒಳಗಿನ ಬುಷ್, ಅಂದರೆ ಶಾಫ್ಟಿಗೆ ಹೊದಿಸಿದ ಲೋಹದ ಬಳೆ, ಸವೆದಿತ್ತು. ಕ್ಲಚ್ ಪೆಡಲ್ ಬೀಳುವ ಹಲ್ಲಿನ ಹಾಗೆ ಎಡಕ್ಕೂ ಬಲಕ್ಕೂ ಅಲ್ಲಾಡುತ್ತಿತ್ತು. ಅದನ್ನು ತುಳಿದರೆ ಪಕ್ಕದ ಬ್ರೇಕ್ ಪೆಡಲ್ಲೂ ತುಸು ಕೆಳಗೆ ಬರುತ್ತಿತ್ತು.

ಶಿವಮೊಗ್ಗದ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಕಾಲಿನಿಂದ ಒಮ್ಮೆ ಒತ್ತಿ ನೋಡಿ, ‘ಪೆಡಲ್ ಸೆಟ್ ಕೆಲಸಕ್ಕೆ ಬಂದಿದೆ ಸಾರ್’ ಅಂದರು. (ಇದೂ ನೋಡಿ ಎಷ್ಟು ಚೆನ್ನಾಗಿದೆ. ‘ಕೆಲಸಕ್ಕೆ ಬಾರದ್ದು’ ಅಂದರೆ ಎಸೆಯುವಂಥದ್ದು. ‘ಕೆಲಸಕ್ಕೆ ಬಂದಿದೆ’ ಅಂದರೆ ಬಿಚ್ಚಿ ರಿಪೇರಿ ಮಾಡಬೇಕಾದದ್ದು. ಹೊಸಬರು ಕೇಳಿದರೆ ಇನ್ನೂ ಚೆನ್ನಾಗಿದೆ ಅಂದುಕೊಂಡಾರು.)

ಎಲ್ಲ ಬಿಚ್ಚಿದರು. ಶಾಫ್ಟಿನ ಸವೆದ ಕಡೆ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಅಳತೆಗೆ ತಂದರು. ಗನ್‌ಮೆಟಲ್ಲಿನ ಹೊಸ ಬುಷ್ ಕಡೆಸಿ ಕೂರಿಸಿದರು. ಪೆಡಲನ್ನು ಕ್ಲಚ್ಚಿಗೆ ಜೋಡಿಸುವ ರಾಡ್ ಬಂದು ಸೇರುವ ಕಡೆ ಪಿನ್ನಿನ ತೂತು ದುಂಡಗೆ ಉಳಿದಿರಲಿಲ್ಲ. ಮೇಸ್ತ್ರಿ ಅದನ್ನು ‘ಮೊಟ್ಟೆ ಆಗಿದೆ’ ಅಂದರು. ಅದನ್ನೂ ತುಂಬಿಸಿ ಮತ್ತೆ ಕೊರೆದರು. ಹೊಸ ಪಿನ್, ಹೊಸ ಸ್ಪ್ರಿಂಗ್. ಇಷ್ಟೆಲ್ಲ ಆಗುವಾಗ ನಾನು ಪಕ್ಕದಲ್ಲಿ ನಿಂತು ಹೇಳಿದ್ದು ಒಂದೇ ಮಾತು. ‘ಅಣ್ಣ, ಆಟ ಪೂರ್ತಿ ತೆಗೆದುಬಿಡಿ. ಒಂಚೂರೂ ಇರಬಾರದು.’

ಅವರು ಹಾಗೇ ಮಾಡಿದರು. ಪೆಡಲ್ ಬಂಡೆಯ ಹಾಗೆ ನಿಂತಿತು. ಕಾಲಿಟ್ಟ ಕೂಡಲೇ ಕ್ಲಚ್ ಕೆಲಸ ಶುರುಮಾಡುತ್ತಿತ್ತು. ನನಗೋ ಬಲು ಖುಷಿ.

ಆಮೇಲೆ ಒಂದು ದಿನ ಉಡುಪಿ ಕಡೆ ಹೋಗಿ ವಾಪಸು ಬರುತ್ತಿದ್ದೆ. ಸೋಮೇಶ್ವರ ದಾಟಿ ಏರು ಶುರುವಾಯಿತು. ಇಂಜಿನ್ ಕೂಗುತ್ತದೆ, ಜೀಪು ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ. ಮೆಲ್ಲಗೆ ಹಿಂದಕ್ಕೆ ಇಳಿಸಿ, ಸಿಗ್ನಲ್ ಸಿಗುವ ಜಾಗ ಹುಡುಕಿ ಮೇಸ್ತ್ರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಉತ್ತರ ಬಂತು: ‘ನೀವೇ ಹೇಳಿದ್ರಲ್ಲ ಮಾರಾಯ್ರೇ, ಒಂಚೂರೂ ಆಟ ಇರಬಾರದು ಅಂತ!’ ಜೀಪಿನ ಕೆಳಗೆ ತೂರಿ, ಅವರು ಹೇಳಿದ ನಟ್ಟನ್ನು ಪಾನದಲ್ಲಿ (ಸ್ಪ್ಯಾನರಿನಲ್ಲಿ) ಹಿಂದಕ್ಕೆ ತಿರುಗಿಸಿದೆ. ಪೆಡಲ್ ಸುಮಾರು ಒಂದು ಇಂಚು ಸುಮ್ನೆ ಕೆಳಗೆ ಹೋಗಿ ಆಮೇಲೆ ಬಿಗಿಯಾಗುವ ಹಾಗೆ. ತಣಿದ ಮೇಲೆ ಜೀಪು ಘಾಟಿ ಹತ್ತಿತು.

ನನ್ನ ತಪ್ಪು ಏನು ಅಂದರೆ, ಪೆಡಲ್‌ಗೆ ಎರಡು ಆಟ ಇವೆ. ಒಂದು ಇರಬಾರದ ಆಟ. ಬುಷ್, ಪಿನ್ ಸವೆದು ಅಕ್ಕಪಕ್ಕಕ್ಕೆ ಅಲುಗುವುದು. ಇನ್ನೊಂದು ಇರಲೇಬೇಕಾದ ಆಟ. ಪೆಡಲ್ ಒತ್ತಿದಾಗ ಮೊದಲ ಸ್ವಲ್ಪ ದೂರ ಏನೂ ಕೆಲಸ ಆಗಬಾರದು. ಆ ದೂರ ಇಲ್ಲದಿದ್ದರೆ ಕಾಲು ತೆಗೆದರೂ ಕ್ಲಚ್ ಬೇರಿಂಗ್ ಒತ್ತಿಕೊಂಡೇ ಇರುತ್ತದೆ, ಇಂಜಿನ್ನಿನ ಬಲ ದಾಟಿಸುವ ಪ್ಲೇಟ್ ಪೂರ್ತಿ ಕಚ್ಚುವುದಿಲ್ಲ, ಏರಿನಲ್ಲಿ ಜಾರುತ್ತದೆ. ಬ್ರೇಕಿಗೂ ಇದೇ ಲೆಕ್ಕ, ಆದರೆ ದೂರ ಕಡಿಮೆ. ಅಲ್ಲಿ ಆಟ ಇಲ್ಲದಿದ್ದರೆ ಬ್ರೇಕಿನ ಎಣ್ಣೆ ಒತ್ತುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಎಣ್ಣೆ ವಾಪಸು ಹೋಗುವ ತೂತು ಮುಚ್ಚಿಯೇ ಇರುತ್ತದೆ. ಬ್ರೇಕ್ ಹಿಡಿದುಕೊಂಡು ಡ್ರಮ್ ಕಾಯುತ್ತದೆ.

ತಮಾಷೆ ಇನ್ನೂ ಇದೆ. ಬುಷ್ ಸವೆದರೆ ಆಟ ಜಾಸ್ತಿ ಆಗುತ್ತದೆ. ಇಂಥ ರಾಡಿನ ಕ್ಲಚ್ಚಿನಲ್ಲಿ ಪ್ಲೇಟ್ ಸವೆದರೆ ಆಟ ಕಡಿಮೆ ಆಗುತ್ತದೆ. ಸವೆತ ಒಂದೇ, ಆಟ ಮಾತ್ರ ಒಂದು ಕಡೆ ಬೆಳೆಯುತ್ತದೆ, ಇನ್ನೊಂದು ಕಡೆ ಕರಗುತ್ತದೆ. ಎರಡಕ್ಕೂ ಒಂದೇ ಪದ ಇಟ್ಟುಕೊಂಡರೆ ನನ್ನಂಥವರು ಘಾಟಿ ಬುಡದಲ್ಲೇ ಕೂರಬೇಕು.

ಇನ್ನು ಪದದ ವಿಷಯ. ಗೆಳೆಯರೊಬ್ಬರು ‘ಇದು ಇಂಗ್ಲಿಷಿನ ಪ್ಲೇ ಅನ್ನುವುದರ ನಕಲು ಕಣಯ್ಯ’ ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ‘ಆಡು’ವಿಗೆ ಅಲುಗು, ಚಲಿಸು ಅನ್ನುವ ಅರ್ಥ ಗ್ಯಾರೇಜು ಬರುವ ಎಷ್ಟೋ ಮೊದಲೇ ಇತ್ತು. ಉಸಿರಾಡುತ್ತೇವೆ. ಮನೆಯೊಳಗೆ ಗಾಳಿಯಾಡಬೇಕು ಅನ್ನುತ್ತೇವೆ. ಕುದಿಯುವ ಪಾಯಸಕ್ಕೆ ಸೌಟು ಆಡಿಸುತ್ತೇವೆ. ಓಡಾಟ, ಅಲೆದಾಟ, ತೂಗಾಟ, ಯಾವುದರಲ್ಲೂ ಆಟಿಕೆಯ ಆಟ ಇಲ್ಲ. ಸವೆದ ಬುಷ್ಷಿನಲ್ಲಿ ಪೆಡಲ್ ‘ಆಡುತ್ತದೆ’ ಅನ್ನಲು ಇಂಗ್ಲಿಷ್ ಬೇಕಿಲ್ಲ. ಎರಡು ಭಾಷೆಗೂ ಒಂದೇ ತರಹ ಹೊಳೆದಿದೆ ಅಷ್ಟೆ.

ಆದರೆ ಇರಬೇಕಾದ ಆ ಒಂದು ಇಂಚಿಗೆ ‘ಆಟ’ ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಏನೂ ಅಲುಗಾಡುವುದಿಲ್ಲ. ಕೆಲಸ ಶುರುವಾಗುವ ಮೊದಲು ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ‘ಸಡಿಲ’ ಅಂದರೆ ದೋಷದ ವಾಸನೆ ಬರುತ್ತದೆ. ‘ಸಂದು’ ಅಂದರೆ ಎರಡು ವಸ್ತುಗಳ ನಡುವಿನ ಕಿಂಡಿ, ಬೇರಿಂಗಿನ ಕಡೆ ಅದು ಸರಿ. ಕಾಲಿಗೆ ಸಿಗುವುದು ಕಿಂಡಿ ಅಲ್ಲ, ದೂರ. ನನಗೆ ತೋಚಿದ್ದು ‘ಬಿಡುವು’. ‘ಕ್ಲಚ್ಚಿಗೆ ಒಂದಿಂಚು ಬಿಡುವು ಇಡಿ, ಬುಷ್ಷಿನ ಆಟ ತೆಗೆಯಿರಿ.’ ಹೀಗೆ ಹೇಳಿದ್ದರೆ ನನ್ನ ಪ್ಲೇಟು ಸುಡುತ್ತಿರಲಿಲ್ಲ, ಅಲ್ವಾ? ಮೇಸ್ತ್ರಿಗೆ ಹೇಳಿ ನೋಡಿದೆ. ‘ಬಿಡುವು ನಮಗೇ ಇಲ್ಲ, ಪೆಡಲ್ಲಿಗೆ ಎಲ್ಲಿಂದ ತರೋದು’ ಅಂದು ನಕ್ಕರು. ಅವರು ಈ ಆಟವನ್ನು ‘ಪ್ಲೇ’ ಅಂತಲೇ ಕರೆಯುತ್ತಾರಂತೆ, ಬುಷ್ಷಿನದನ್ನು ಮಾತ್ರ ‘ಆಟ’. ಅಂದರೆ ಅವರಿಗೆ ಎರಡು ಪದ ಇದ್ದೇ ಇತ್ತು. ಎರಡನ್ನೂ ಬೆರೆಸಿ ಬಡಬಡಿಸಿದವನು ನಾನೇ.

ಹಾಗಾಗಿ ನನ್ನ ಕೇಳಿಕೆ ಇಷ್ಟು. ಎತ್ತಿನಗಾಡಿ ಕಟ್ಟುವ ಬಡಗಿಗಳು ಅಚ್ಚಿಗೂ ಗಾಲಿಯ ಕುಂಬಕ್ಕೂ (ಗಾಲಿಯ ನಟ್ಟನಡುವಿನ ದಿಮ್ಮಿ) ನಡುವೆ ಒಂದಿಷ್ಟು ಬಿಟ್ಟೇ ಕಡಾಣಿ (ಗಾಲಿ ಕಳಚದ ಹಾಗೆ ತಡೆಯುವ ಆಣಿ) ಹಾಕುತ್ತಾರೆ. ಇಲ್ಲದಿದ್ದರೆ ಎಷ್ಟು ಕೀಲೆಣ್ಣೆ ಸುರಿದರೂ ಗಾಲಿ ತಿರುಗದು. ಬೇಕೆಂದೇ ಬಿಟ್ಟ ಆ ಜಾಗಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಗಾಲಿ ಸವೆದು ಆಡುವುದಕ್ಕೆ ಬೇರೆ ಪದ ಇದೆಯೇ? ನಮ್ಮೂರಲ್ಲಿ ಗಾಡಿ ಕಟ್ಟುವವರು ಈಗ ಉಳಿದಿಲ್ಲ. ಸೊರಬ, ಶಿಕಾರಿಪುರ ಕಡೆಯವರು ಅಥವಾ ಬಯಲುಸೀಮೆಯವರು, ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ಬರೆಯಿರಿ.