ಪದಚರ್ಚೆ: ಯುನೆಸ್ಕೋ ಒಪ್ಪಂದದ ‘ಸಿವಿಲ್ ಸೊಸೈಟಿ’ಗೆ ‘ನಾಗರಿಕ ಸಮಾಜ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಯುನೆಸ್ಕೋದ 2005ರ ಸಾಂಸ್ಕೃತಿಕ ವೈವಿಧ್ಯದ ಒಪ್ಪಂದದ ಬಗ್ಗೆ ಕನ್ನಡದಲ್ಲಿ ಒಂದು ಕಿರುಪುಸ್ತಿಕೆ ಸಿದ್ಧವಾಗುತ್ತಿದೆ. ನಮ್ಮ ಕಡೆಯ ಹಾಡುಗಾರರು, ನಾಟಕದವರು, ಸಣ್ಣಪುಟ್ಟ ಸಂಘದವರು ಕೂತು ಓದುವಂತಿರಬೇಕು ಅನ್ನೋದು ಆಸೆ. ಅದರ 11ನೇ ವಿಧಿಗೆ ಬಂದು ಕೆಲಸ ನಿಂತಿದೆ. ಆ ವಿಧಿಯಲ್ಲಿ ಇರುವುದು ಎರಡೇ ವಾಕ್ಯ. ವೈವಿಧ್ಯವನ್ನು ಕಾಪಾಡುವುದರಲ್ಲಿ ಸಿವಿಲ್ ಸೊಸೈಟಿಯ ಪಾತ್ರ ಮೂಲಭೂತವಾದದ್ದು ಎಂದು ದೇಶಗಳು ಒಪ್ಪುತ್ತವೆ, ಇದು ಒಂದು. ಅದು ಸಕ್ರಿಯವಾಗಿ ಪಾಲ್ಗೊಳ್ಳುವಂತೆ ದೇಶಗಳು ಪ್ರೋತ್ಸಾಹಿಸತಕ್ಕದ್ದು, ಇದು ಇನ್ನೊಂದು. ಸಿವಿಲ್ ಸೊಸೈಟಿ ಅಂದರೆ ಸರ್ಕಾರದ ಹೊರಗೆ ನಿಂತು ಕೆಲಸ ಮಾಡುವ ಸಂಘ, ಗುಂಪುಗಳೆಲ್ಲ. ಅದಕ್ಕೆ ಕನ್ನಡದಲ್ಲಿ ಏನು ಬರೆಯುವುದು?

‘ನಾಗರಿಕ ಸಮಾಜ’ ಅಂತ ಎಲ್ಲರೂ ಬರೆಯುತ್ತಾರೆ, ಗೊತ್ತು. ಆದರೆ ಪತ್ರಿಕೆ ತೆರೆದರೆ ಆ ಪದ ಕಾಣುವುದು ಎಲ್ಲಿ ಹೇಳಿ? ‘ನಾಗರಿಕ ಸಮಾಜ ತಲೆತಗ್ಗಿಸುವಂಥ ಘಟನೆ’ ಅನ್ನುವ ವಾಕ್ಯದಲ್ಲಿ. ಅಲ್ಲಿ ಅದರ ಅರ್ಥ ಸಭ್ಯರ ಸಮಾಜ, ಮುಂದುವರಿದವರ ಸಮಾಜ. ಎದುರಿಗೆ ‘ಅನಾಗರಿಕ’ ಅನ್ನೋದು ನಿಂತೇ ಇರುತ್ತದೆ. ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಹಾಡಿಗಳಲ್ಲಿ, ತೋಟದ ಲೈನ್ ಮನೆಗಳಲ್ಲಿ ಇರುವ ಯರವರು, ಜೇನುಕುರುಬರಂಥ ಬುಡಕಟ್ಟಿನವರು ಈ ಪದವನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಅಂತ ಯೋಚಿಸಿ. ‘ನಾಗರಿಕರಾಗಿ’ ಅಂತ ಅವರಿಗೆ ಬುದ್ಧಿ ಹೇಳಿದವರೇ ಜಾಸ್ತಿ. ಅವರ ಹಾಡು, ಅವರ ಮಾತು ಉಳಿಯಲಿ ಅನ್ನುವ ಒಪ್ಪಂದದಲ್ಲಿ ಅವರನ್ನೇ ಹೊರಗಿಡುವಂತೆ ಕೇಳಿಸುವ ಪದ ಬೇಡ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

‘ಸಮಾಜ’ದ ಕಥೆ ಬೇರೆ. ಕೊಡಗಿನಲ್ಲಿ ಸಮಾಜ ಅಂದರೆ ಕೈಯಿಂದ ಮುಟ್ಟಬಹುದಾದ ಒಂದು ವಸ್ತು. ಕೊಡವ ಸಮಾಜ, ಗೌಡ ಸಮಾಜ. ‘ಮದುವೆ ಎಲ್ಲಿ?’ ಅಂದರೆ ‘ಸಮಾಜದಲ್ಲಿ’ ಅನ್ನುತ್ತಾರೆ, ಮುಗಿಯಿತು. ಅದಕ್ಕೆ ಅಧ್ಯಕ್ಷರಿದ್ದಾರೆ, ಸದಸ್ಯತ್ವ ಇದೆ, ಊಟದ ಹಾಲ್ ಇದೆ. ಹಾಗಾಗಿ ‘ನಾಗರಿಕ ಸಮಾಜದ ಪಾತ್ರ ಮೂಲಭೂತವಾದದ್ದು’ ಅಂತ ಅಚ್ಚು ಹಾಕಿದರೆ, ಇಲ್ಲಿನ ಓದುಗರು ಅದು ಹೊಸದಾಗಿ ಶುರುವಾದ ಯಾವುದೋ ಸಮಾಜ ಅಂದುಕೊಳ್ಳುವ ಸಾಧ್ಯತೆ ನಿಜವಾಗಿಯೂ ಇದೆ.

ಒಂದು ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ಬೇಕು, ಯಾಕಂದರೆ ಈ ಒಪ್ಪಂದ ಹುಟ್ಟಿದ್ದರಲ್ಲಿ ಸಿವಿಲ್ ಸೊಸೈಟಿಯವರ ಪಾಲು ದೊಡ್ಡದು. ಅಮೆರಿಕದ ಪತ್ರಿಕೆಗಳು ಕೆನಡಾಕ್ಕೆಂದೇ ಆವೃತ್ತಿ ಮಾಡಿ ಅಲ್ಲಿನ ಜಾಹೀರಾತು ಸೆಳೆಯುತ್ತಿದ್ದಾಗ, ಕೆನಡಾ ಆ ಜಾಹೀರಾತಿನ ಮೇಲೆ ಶೇ 80ರಷ್ಟು ತೆರಿಗೆ ಹಾಕಿತ್ತು. ವಿಶ್ವ ವಾಣಿಜ್ಯ ಸಂಸ್ಥೆ 1997ರಲ್ಲಿ ಅದು ತಪ್ಪು ಅಂದಿತು. ಪತ್ರಿಕೆಯೂ ಬರೀ ಸರಕು ಎಂದಾದರೆ ನಾಳೆ ಸಿನಿಮಾ, ಪುಸ್ತಕ, ಹಾಡಿನ ಗತಿ ಏನು ಅನ್ನುವ ಭಯ ಹಲವು ದೇಶಗಳಿಗೆ ಹತ್ತಿತು. 1998ರಲ್ಲಿ ಒಟ್ಟಾವಾದಲ್ಲಿ ಸಂಸ್ಕೃತಿ ಸಚಿವರು ಸೇರಿ ತಮ್ಮದೊಂದು ಜಾಲ ಕಟ್ಟಿಕೊಂಡರು. 2000ದಲ್ಲಿ ಗ್ರೀಸಿನ ಸ್ಯಾಂಟೊರಿನಿಯಲ್ಲಿ ಕಲಾವಿದರು ಮತ್ತು ಸಂಘಟನೆಗಳು ತಮ್ಮದೇ ಇನ್ನೊಂದು ಜಾಲ ಕಟ್ಟಿಕೊಂಡರು, ಸಾಂಸ್ಕೃತಿಕ ವೈವಿಧ್ಯದ ಅಂತಾರಾಷ್ಟ್ರೀಯ ಜಾಲ ಅಂತ. ಯುನೆಸ್ಕೋ ಒಪ್ಪಂದ ಬರೆಯುವ ಕೆಲಸಕ್ಕೆ 2003ರ ಅಕ್ಟೋಬರಿನಲ್ಲಿ ಕೈಹಾಕುವ ಮೊದಲೇ ಈ ಜಾಲದವರು ಒಂದು ಕರಡು ಬರೆದು ಮುಂದಿಟ್ಟಿದ್ದರು. ಸರ್ಕಾರಗಳು ಕರೆಯಲಿ ಅಂತ ಕಾಯುತ್ತಾ ಕೂತಿರಲಿಲ್ಲ.

2005ರ ಅಕ್ಟೋಬರ್ 20ರಂದು ಪ್ಯಾರಿಸ್ಸಿನಲ್ಲಿ ಮತಕ್ಕೆ ಹಾಕಿದಾಗ 148 ದೇಶಗಳು ಪರ, ಅಮೆರಿಕ ಮತ್ತು ಇಸ್ರೇಲ್ ವಿರುದ್ಧ, 4 ದೇಶ ತಟಸ್ಥ. ಭಾರತ 2006ರ ಡಿಸೆಂಬರಿನಲ್ಲಿ ಸೇರಿತು, 2007ರ ಮಾರ್ಚ್ 18ಕ್ಕೆ ಒಪ್ಪಂದ ಜಾರಿಗೆ ಬಂತು. ಅಂದರೆ 11ನೇ ವಿಧಿ ನಮಗೂ ಅನ್ವಯಿಸುತ್ತದೆ. ದೇಶಗಳು ನಾಲ್ಕು ವರ್ಷಕ್ಕೊಮ್ಮೆ ಕೊಡಬೇಕಾದ ವರದಿಯಲ್ಲಿ ಈ ಜನರ ಕೆಲಸಕ್ಕೂ ಜಾಗವಿದೆ. ಆ ಜಾಗ ತಮ್ಮದು ಅಂತ ನಮ್ಮೂರಿನವರಿಗೆ ಓದಿದ ಕೂಡಲೇ ಗೊತ್ತಾಗಬೇಕು, ಅಲ್ವಾ?

ಹಾಗಾದರೆ ಯಾರು ಆ ಜನ? ಒಪ್ಪಂದವನ್ನು ಜಾರಿಗೆ ತರುವ ಮಾರ್ಗಸೂಚಿಯೇ ವಿವರಿಸಿದೆ. ಸರ್ಕಾರೇತರ ಸಂಸ್ಥೆಗಳು, ಲಾಭಕ್ಕಲ್ಲದ ಸಂಸ್ಥೆಗಳು, ಸಂಸ್ಕೃತಿ ಕ್ಷೇತ್ರದಲ್ಲಿ ವೃತ್ತಿ ಮಾಡುವವರು, ಕಲಾವಿದರಿಗೂ ಸಾಂಸ್ಕೃತಿಕ ಸಮುದಾಯಗಳಿಗೂ ಬೆಂಬಲವಾಗಿ ನಿಂತ ಗುಂಪುಗಳು. ಈ ಅಳತೆಗೆ ನಮ್ಮ ಪದಗಳನ್ನು ಹಿಡಿದು ನೋಡಿದೆ.

‘ಸ್ವಯಂಸೇವಾ ಸಂಸ್ಥೆ’ ಅಂದರೆ ಎನ್‌ಜಿಒ ಮಾತ್ರ ಆಗುತ್ತದೆ. ‘ಸಂಘಸಂಸ್ಥೆಗಳು’ ಸ್ವಲ್ಪ ಹತ್ತಿರ, ಎಲ್ಲರಿಗೂ ತಿಳಿಯುತ್ತದೆ, ಆದರೆ ಅದನ್ನು ಕೇಳಿದಾಗ ನೋಂದಣಿ ಸಂಖ್ಯೆ, ಲೆಟರ್‌ಹೆಡ್ಡು, ಸೀಲು ಕಣ್ಣಿಗೆ ಬರುತ್ತದೆ. ಕೊಡವರ ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಿ ದುಡಿ ವಾದ್ಯ ಹಿಡಿದು ನಾಲ್ವರು ನಿಂತು ಹಾಡುತ್ತಾರೆ. ‘ಬಾಳೋ ಬಾಳೋ’ ಅಂತ ಇಬ್ಬರು ಎತ್ತಿದ ಸಾಲನ್ನು ಉಳಿದಿಬ್ಬರು ಹಿಡಿಯುತ್ತಾರೆ. ಆ ನಾಲ್ವರಿಗೆ ಯಾವ ನೋಂದಣಿಯೂ ಇಲ್ಲ. ಕೋಲಾಟಕ್ಕೆ ಊರ ಬಯಲಾದ ಮಂದ್‌ನಲ್ಲಿ ಸೇರುವ ಊರಿನವರಿಗೂ ಇಲ್ಲ. ಮಂದ್ ಒತ್ತುವರಿಯಾಗದಂತೆ ನೋಡಿಕೊಳ್ಳುವುದು, ಹುಡುಗರಿಗೆ ಹಾಡು ಕಲಿಸುವುದು ಇವರೇ. ‘ಪೌರ ಸಮಾಜ’ ಅಂತ ಕೆಲವರು ಬಳಸುವುದು ನೋಡಿದ್ದೇನೆ. ಪೌರ ಅಂದ ತಕ್ಷಣ ನಗರಸಭೆ, ಪೌರಕಾರ್ಮಿಕರು ನೆನಪಾಗುತ್ತಾರೆ, ಅದೂ ಹೊಂದುವುದಿಲ್ಲ.

ನಾನು ಸದ್ಯಕ್ಕೆ ಬರೆದಿಟ್ಟಿರುವುದು ‘ಜನಸಂಘಟನೆಗಳು ಮತ್ತು ಕಲಾವಿದರ ಬಳಗಗಳು’. ಉದ್ದವಾಯಿತು. ಆದರೂ ಹಾಡಿಯ ಯಜಮಾನರಿಂದ ಹಿಡಿದು ಇಲ್ಲಿನ ಅರೆಭಾಷೆಯಲ್ಲಿ ನಾಟಕ ಆಡಿಸುವವರ ತನಕ ಎಲ್ಲರೂ ಇದರಲ್ಲಿ ಬರುತ್ತಾರೆ. ತೊಂದರೆ ಏನೆಂದರೆ, ‘ಜನಸಂಘಟನೆ’ಗೆ ಚಳವಳಿಯ ಬಣ್ಣ ಇದೆ, ಮೆರವಣಿಗೆ ಧರಣಿ ಅಂತ ಕೆಲವರು ಹಿಂದೆ ಸರಿಯಬಹುದು. ಬರೀ ‘ಜನಬಳಗ’ ಅಂದರೆ ಹೇಗೆ? ಕೇಳಲು ಹಿತವಾಗಿದೆ, ಆದರೆ ಕಾನೂನಿನ ಬರಹದಲ್ಲಿ ಅದಕ್ಕೆ ತೂಕ ಬರುತ್ತದಾ ಅನ್ನುವುದು ನನ್ನ ಅನುಮಾನ.

ಇದರ ಜೊತೆಗೇ ಇನ್ನೊಂದು. ಕನ್ವೆನ್ಷನ್ ಅನ್ನುವುದಕ್ಕೆ ದಯವಿಟ್ಟು ‘ಸಮಾವೇಶ’ ಅಂತ ಬರೆಯುವುದನ್ನು ನಿಲ್ಲಿಸೋಣ. ‘ಯುನೆಸ್ಕೋದ 2005ರ ಸಮಾವೇಶ’ ಅಂದರೆ ಪ್ಯಾರಿಸ್ಸಿನಲ್ಲಿ ಮೂರು ದಿನ ಸಭೆ ಮಾಡಿ ಊಟ ಮಾಡಿ ಎದ್ದು ಹೋದರು ಅಂತ ಆಗುತ್ತದೆ. ಇದು ದೇಶಗಳು ಒಪ್ಪಿ ಕಟ್ಟಿಕೊಂಡ ಕಟ್ಟು. ‘ಒಡಂಬಡಿಕೆ’ ನನಗೆ ಇಷ್ಟ, ‘ಒಪ್ಪಂದ’ವೂ ನಡೆಯುತ್ತದೆ. ಎರಡರಲ್ಲಿ ಒಂದನ್ನು ಕೊನೆತನಕ ಹಿಡಿದರೆ ಸಾಕು.

ಕೇಳುವುದು ಇಷ್ಟು. ‘ನಾಗರಿಕ ಸಮಾಜ’ವನ್ನೇ ಉಳಿಸಿಕೊಳ್ಳಬೇಕು, ಬಳಸುತ್ತಾ ಹೋದರೆ ಹೊಸ ಅರ್ಥ ಕೂತುಕೊಳ್ಳುತ್ತದೆ ಅನ್ನುವವರು ಇದ್ದರೆ ಕಾರಣ ಬರೆಯಿರಿ. ಮಂಗಳೂರು, ಧಾರವಾಡ, ಕಲಬುರಗಿ ಕಡೆ ಸಂಘಟನೆಗಳಲ್ಲಿ ಕೆಲಸ ಮಾಡುವವರು ಸಭೆಯಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತೀರಿ ಅನ್ನುವುದನ್ನೂ ತಿಳಿಸಿ, ಪುಸ್ತಕದ ಪದಕ್ಕಿಂತ ನನಗೆ ಅದೇ ಜಾಸ್ತಿ ಬೇಕು. ಯರವ, ಕುರುಬ, ಕೊಡವ ಭಾಷೆಗಳಲ್ಲಿ ಹೀಗೆ ಸೇರಿ ಕೆಲಸ ಮಾಡುವ ಗುಂಪಿಗೆ ಹೆಸರು ಇದ್ದರೆ ಅದನ್ನೂ ಬರೆಯಿರಿ, ಕನ್ನಡಕ್ಕೆ ಒಗ್ಗುವಂತಿದ್ದರೆ ಪುಸ್ತಿಕೆಯಲ್ಲಿ ಅದನ್ನೇ ಹಾಕೋಣ.